ಗಾಲಿ ಮ್ಯಾಲಿನ ಗುಡಿಸಲು: ಕುರಿಗಾರನ ಬಂಡಿಯಿಂದ ಫೈಬರ್ ಟೊಪ್ಪಿಗಿ ತನಕ

ಹೋದ ತಿಂಗಳು ನಮ್ಮ ಗೋವಿನಜೋಳದ ಹೊಲದ ಬದುವಿನಾಗ ನಿಲ್ಲಿಸಿದ ಬಿಳೀ ಟ್ರೇಲರಿನ ಫೋಟೋ ಹಾಕಿದ್ದೆ. ಹಳೇ ಜೀಪ್ ಟ್ರೇಲರ್, ಅದರ ಮ್ಯಾಲೆ ಫೈಬರಿನ ಮುಚ್ಚಳ, ಒಳಗ ಒಬ್ಬ ಮನುಷ್ಯ ಕಾಲು ಚಾಚಿ ಮಲಗೋವಷ್ಟು ಜಾಗ. ಐಸ್‌ಕ್ರೀಮ್ ಮಾರೋ ಗಾಡಿ ಯಾವಾಗ ತಗೊಂಡ್ರಿ ಅಂತ ಒಬ್ರು ಕೇಳಿದ್ರು. ನಕ್ಕೆ. ಇನ್ನೊಬ್ರು, "ಇದು ದುಡ್ಡಿದ್ದೋರ ಪಿಕ್ನಿಕ್ ಸಾಮಾನು, ರೈತಗ ಯಾಕ ಬೇಕು" ಅಂತ ಬರೆದಿದ್ರು. ಈ ಮಾತು ಮಾತ್ರ ಮನಸಿನಾಗ ಉಳೀತು. ಯಾಕಂದ್ರ ಟ್ರೇಲರ್ ಕಟ್ಟೋ ಮೊದಲು ನಾನೂ ಹಂಗ ತಿಳಕೊಂಡಿದ್ದೆ. ಮಳಿ ಹಿಡಿದು ಕೂತ ದಿನ ಮಗಳ ಹತ್ರ ಇಂಗ್ಲಿಷಿನಾಗ ಇದ್ದದ್ದು ಓದಿಸಿಕೊಂಡು ಕೇಳಿದ ಮ್ಯಾಲೆ ಗೊತ್ತಾತು, ಇದರ ಹುಟ್ಟು ಪಿಕ್ನಿಕ್ಕಿನಾಗ ಇಲ್ಲ. ಕುರಿ ಕಾಯೋರು, ದನ ಹೊಡಕೊಂಡು ಹೋಗೋರು, ಬರಗಾಲಕ್ಕ ಹೊಲ ಬಿಟ್ಟು ಹೊಂಟೋರು, ಇವರಿಂದ ಬಂದದ್ದು. ಅದನ್ನ ಇವತ್ತು ಬರೀತೀನಿ, ಸ್ವಲ್ಪ ಉದ್ದ ಆಗತೈತಿ.

ಮೊದಲು ನನಗ ಇದು ಯಾಕ ಬೇಕಾತು ಅನ್ನೋದು ಹೇಳಬೇಕು. ನಮ್ಮ ಹೊಲ ಮೂರು ಕಡೆ ಹರಿದು ಹಂಚೈತಿ. ತೆನಿ ಹಾಲು ತುಂಬಿದ ಮ್ಯಾಲೆ ಹಂದಿ ಬಿಡೂದಿಲ್ಲ, ಒಂದು ರಾತ್ರಿ ಕಾಯ್ದಿಲ್ಲ ಅಂದ್ರ ಬೆಳಿಗ್ಗೆ ಹತ್ತು ಗುಂಟೆ ಉಳ್ಳಾಡಿಸಿ ಹೋಗಿರತಾವ. ಎರಡು ವರ್ಷದ ಹಿಂದ ನಮ್ಮ ಕಾಕಾನ ಮಗ, ನನಗ ತಮ್ಮ ಆಗಬೇಕು, ಹೊಲದ ಗುಡಿಸಲದಾಗ ನೆಲದ ಮ್ಯಾಲೆ ಮಲಗಿದ್ದ. ರಾತ್ರಿ ಏನೋ ಚುಚ್ಚಿದಂಗಾತಂತ, ಇರಿವಿ ಇರಬೇಕು ಅಂತ ಮಗ್ಗಲು ಬದಲಿಸಿ ಮಲಗಿದ. ಬೆಳಗಿನ ಜಾವ ಎದ್ದು "ಅಣ್ಣಾ, ಕಣ್ಣಿನ ರೆಪ್ಪೆ ಎತ್ತಾಕ ಬರವಲ್ದು" ಅಂತ ಫೋನ್ ಮಾಡಿದ. ಕಟ್ಟುಹಾವು. ಅದು ಕಚ್ಚಿದ್ರ ನೋವು ಇಲ್ಲ, ಬಾವು ಇಲ್ಲ, ಮಲಗಿದವರನ್ನೇ ಕಚ್ಚೋದು ಹೆಚ್ಚು. ಒಂಬತ್ತು ದಿನ ಉಸಿರಾಟದ ಮಶೀನ್ ಮ್ಯಾಲಿದ್ದ. ಬದುಕಿ ಬಂದ, ದೇವರ ದಯ. ಅವತ್ತಿಂದ ನಮ್ಮ ಮನಿಯವರು ಯಾರೂ ಹೊಲದಾಗ ನೆಲಕ್ಕ ಮಲಗಬಾರದು ಅಂತ ಅವ್ವ ಆಣಿ ಹಾಕಿದಳು. ಅಟ್ಟಣೆ ಕಟ್ಟಬಹುದಿತ್ತು, ಆದ್ರ ಮೂರು ಹೊಲಕ್ಕ ಮೂರು ಅಟ್ಟಣೆ ಆಗಬೇಕು, ಎಲ್ಲಾದಕ್ಕೂ ಮಳಿ ತಡೆಯೋ ಮಾಡು ಬೇಕು. ನೆಲ ಬಿಟ್ಟು ಎತ್ತರಕ್ಕಿರೋ, ಮಳಿಗೆ ಸೋರದ, ಎಳಕೊಂಡು ಹೋಗಾಕ ಬರೋ ಗುಡಿಸಲು ಬೇಕಾಗಿತ್ತು.

ನಮ್ಮ ಕಡೆ ಇಂಥಾದ್ದು ಇರಲಿಲ್ಲ ಅನ್ನಂಗಿಲ್ಲ. ಕೊಲ್ಲಾರಿ ಬಂಡಿ ನೆನಪು ಮಾಡಿಕೊಳ್ರಿ. ಬಿದಿರಿನ ಕಮಾನು, ಮ್ಯಾಲೆ ತಟ್ಟಿ ಇಲ್ಲಾ ಗುಡಾರ, ಒಳಗ ಹುಲ್ಲಿನ ಮ್ಯಾಲೆ ಜಮಖಾನೆ. ಮೈಲಾರ ಜಾತ್ರಿಗೆ, ಕುರುವತ್ತಿಗೆ ಹೋಗಬೇಕಾದ್ರ ಹುಡುಗರು, ಮುದುಕರು ಅದರಾಗ ಮಲಗಿಕೊಂಡೇ ಹೋಗತಿದ್ವಿ. ರೊಟ್ಟಿ ಬುತ್ತಿ ಹಿಂದ, ನೀರಿನ ಕೊಡ ಕೆಳಗ ಜೋತು. ಅಮೇರಿಕದ ದನಗಾರರೂ ಹೆಚ್ಚು ಕಡಿಮಿ ಇದನ್ನೇ ಮಾಡಿದ್ರು.

1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ಅನ್ನೋ ದನಗಾರ ನೂರಾರು ಮೈಲಿ ದನ ಹೊಡಕೊಂಡು ನ್ಯೂ ಮೆಕ್ಸಿಕೋ ಕಡೆ ಹೋಗಬೇಕಾಗಿತ್ತು. ಆಳುಗಳಿಗೆ ದಿನಾ ಅಡಿಗಿ ಆಗಬೇಕು. ಅವ ಏನ್ ಮಾಡಿದ, ಸೇನೆಯವರು ಬಳಸಿ ಬಿಟ್ಟ ಗಟ್ಟಿ ಬಂಡಿ ಒಂದನ್ನ ತಗೊಂಡು, ಹಿಂದಿನ ಭಾಗಕ್ಕ ಕಪಾಟಿನಂಥ ಪೆಟ್ಟಿಗಿ ಕೂರಿಸಿದ. ಅದರ ಬಾಗಿಲು ಕೆಳಗ ಬಿಚ್ಚಿ ಒಂದು ಕಾಲು ಕೊಟ್ರ ಅದೇ ಅಡಿಗಿ ಕಟ್ಟಿ. ಬಂಡಿ ಹೊಟ್ಟಿ ಕೆಳಗ ಒಂದು ಚರ್ಮ ಜೋಲಿ ಕಟ್ಟಿ, ದಾರಿಯಾಗ ಸಿಕ್ಕ ಕಟಗಿ, ಒಣ ಸಗಣಿ ಆರಿಸಿ ಅದರಾಗ ಹಾಕೋದು, ಸಂಜಿಕೆ ಉರುವಲ. ಆ ಬಂಡಿ ಮಾಡಿದ್ದು ಸ್ಟುಡಿಬೇಕರ್ ಕಂಪನಿ, ಮುಂದ ಇದೇ ಕಂಪನಿ ಮೋಟಾರು ಕಾರು ಮಾಡಿ ಹೆಸರಾತು. ಇವತ್ತಿಗೂ ಕ್ಯಾಂಪರ್ ಟ್ರೇಲರಿನ ಹಿಂದಿನ ಬಾಗಿಲು ಎತ್ತಿದ್ರ ಅಲ್ಲಿ ಅಡಿಗಿಮನಿ ಇರತೈತಲ್ಲ, ಅದು ಗುಡ್‌ನೈಟನ ಪೆಟ್ಟಿಗಿನೇ.

ಆದ್ರ ಗುಡ್‌ನೈಟನ ಬಂಡಿಯಾಗ ಆಳುಗಳು ಮಲಗತಿರಲಿಲ್ಲ, ನೆಲದ ಮ್ಯಾಲೇ ಹಾಸಿಗಿ. ಒಳಗ ಮಲಗೋ ಬಂಡಿ ಬಂದದ್ದು ಕುರಿಗಾರರಿಂದ. ವಯೋಮಿಂಗ್ ಅನ್ನೋ ರಾಜ್ಯ, ಚಳಿ ಅಂದ್ರ ಚಳಿ, ಅಲ್ಲಿ ಕುರಿಗಾರ ಒಬ್ಬನೇ ತಿಂಗಳುಗಟ್ಟಲೆ ಗುಡ್ಡದಾಗ ಇರಬೇಕು. 1884ರ ಸುಮಾರಿಗೆ ರಾಲಿನ್ಸ್ ಊರಿನ ಜೇಮ್ಸ್ ಕ್ಯಾಂಡ್ಲಿಶ್ ಅನ್ನೋ ಕಮ್ಮಾರ ಕುರಿಗಾರರ ಬಂಡಿ ಮೊದಲು ಕಟ್ಟಿದ ಅಂತ ಅಲ್ಲಿಯವರು ಹೇಳತಾರ. ಕಮಾನಿನ ಮ್ಯಾಲೆ ಒಂದರ ಮ್ಯಾಲೊಂದು ದಪ್ಪ ಬಟ್ಟಿ, ಬಾಗಿಲ ಬಾಜೂಕ ಒಲಿ, ಹಿಂದ ಅಡ್ಡಕ್ಕ ಮಂಚ, ಮಂಚದ ಕೆಳಗಿಂದ ಜಗ್ಗಿದ್ರ ಮೇಜು. ಬಾಗಿಲು ಎರಡು ತುಂಡು, ಮ್ಯಾಲಿನದು ತೆರೆದು ಕೆಳಗಿನದು ಮುಚ್ಚಿ ಕುರಿ ಕಡೆ ನೋಡತಾ ಕೂಡಬಹುದು. ಸಣ್ಣ ಜಾಗದಾಗ ಇದಕ್ಕಿಂತ ಚಲೋ ಜೋಡಣೆ ಮುಂದ ಯಾರೂ ಮಾಡಿಲ್ಲ ಅಂತ ನನ್ನ ಅಭಿಪ್ರಾಯ. ಕಮ್ಮಾರನ ಕೆಲಸ ನೋಡ್ರಿ, ಎಂಜಿನಿಯರಂದಲ್ಲ.

ಇಲ್ಲಿಂದ ಮೋಟಾರಿನ ಕಾಲಕ್ಕ ಬರೂನು. ಅಲ್ಲಿ ಕಾರು ಅಗ್ಗ ಆದ ಮ್ಯಾಲೆ ಮಂದಿ ಟೆಂಟು ಕಟ್ಟಿಕೊಂಡು ತಿರುಗಾಕ ಸುರು ಮಾಡಿದ್ರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಾಗ ಅಂಥೋರೆಲ್ಲ ಸೇರಿ "ಟಿನ್ ಕ್ಯಾನ್ ಟೂರಿಸ್ಟ್ಸ್" ಅಂತ ಸಂಘ ಮಾಡಿಕೊಂಡ್ರು. ಇವರದು ತಿರುಗಾಟದ ಖುಷಿ, ಅದನ್ನ ಇಲ್ಲ ಅನ್ನೂದಿಲ್ಲ. ಆದ್ರ ಏರ್‌ಸ್ಟ್ರೀಮ್ ಅನ್ನೋ ಹೊಳೆಯೋ ಅಲ್ಯೂಮಿನಿಯಂ ಟ್ರೇಲರ್ ಸಿನಿಮಾದಾಗ ನೋಡಿರತೀರಿ, ಅದನ್ನ ಸುರು ಮಾಡಿದ ವಾಲಿ ಬಯಾಮ್ ಯಾರು ಗೊತ್ತೇನ್ರಿ? ಹುಡುಗ ಇದ್ದಾಗ ಒರೆಗಾನ್ ಕಡೆ ಕುರಿ ಕಾಯ್ದವ. ಕತ್ತಿ ಎಳೆಯೋ ಎರಡು ಗಾಲಿ ಬಂಡಿಯಾಗ ಸೀಮೆಎಣ್ಣಿ ಒಲಿ, ಹಾಸಿಗಿ ಇಟ್ಟುಕೊಂಡು ಕುರಿ ಹಿಂದ ತಿರುಗಿದವ. ದೊಡ್ಡವನಾದ ಮ್ಯಾಲೆ ಪತ್ರಿಕಿ ನಡೆಸತಿದ್ದ. ಹೆಂಡತಿ ನೆಲದ ಮ್ಯಾಲೆ ಟೆಂಟಿನಾಗ ಮಲಗಾಕ ಒಲ್ಲೆ ಅಂದಳು, ಇವ ಫೋರ್ಡ್ ಕಾರಿನ ಚಾಸಿ ಮ್ಯಾಲೆ ಟೆಂಟ್ ಕೂರಿಸಿದ. ಮಳ್ಯಾಗ ಅದನ್ನ ಎತ್ತಿ ಕಟ್ಟೋದು ಬ್ಯಾಸರ ಆಗಿ ಕಟಗಿ ಹಲಗಿಯಿಂದ ಪೂರ್ತಿ ಮುಚ್ಚಿದ ಟ್ರೇಲರ್ ಮಾಡಿದ. ಮನಿ ಹಿತ್ತಲದಾಗ ಮಾಡಿದ್ದು. ಹೆಂಗ ಮಾಡೋದು ಅಂತ ನಕ್ಷೆ ಛಾಪಿಸಿ ಮಾರಿದ, 1931ರ ಹೊತ್ತಿಗೆ ಅದೇ ದಂಧೆ ಆತು.

1931 ಅಂದ್ರ ಅಮೇರಿಕದಾಗ ಕೆಲಸ ಇಲ್ಲದ ಕಾಲ. ಕೆಲಸ ಹೋದೋರಿಗೆ ಮನಿ ಬಾಡಿಗಿ ಕಟ್ಟಾಕ ಆಗತಿರಲಿಲ್ಲ. ಅದರ ಹಿಂದನ ಬರ ಬಿತ್ತು. ಒಕ್ಲಹೋಮ, ಕಾನ್ಸಾಸ್, ಟೆಕ್ಸಾಸ್ ಕಡೆ ಹುಲ್ಲುಗಾವಲು ಹರಗಿ ಗೋಧಿ ಬಿತ್ತಿದ್ದರು, ಮಳಿ ಕೈಕೊಟ್ಟಾಗ ಹಿಡಿಯಾಕ ಬೇರಿಲ್ಲದ ಮಣ್ಣೆಲ್ಲ ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ಕ್ಕ ಎದ್ದ ಧೂಳಿಗೆ ಹಗಲು ರಾತ್ರಿ ಆಗಿತ್ತಂತ, ಅದನ್ನ ಕರಿ ಭಾನುವಾರ ಅಂತ ಕರೀತಾರ. ಸಾಲಕ್ಕ ಹೊಲ ಹೋದ ರೈತರು ಹಳೇ ಕಾರಿಗೆ ಕೈಯಿಂದ ಕಟ್ಟಿದ ಟ್ರೇಲರ್ ಸಿಗಿಸಿ, ಹಾಸಿಗಿ, ಬೋಗಾಣಿ, ಮಕ್ಕಳು ಎಲ್ಲಾ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕ ಹತ್ತಿ ಬಿಡಿಸಾಕ, ಹಣ್ಣು ಹರಿಯಾಕ ಹ್ವಾದ್ರು. ಆ ಫೋಟೋ ಮಗಳು ತೋರಿಸಿದಳು. ರಟ್ಟು, ತಗಡು, ಗೋಣಿಚೀಲ, ಸಿಕ್ಕದ್ದೆಲ್ಲ ಬಡಿದು ಮಾಡಿದ ಪೆಟ್ಟಿಗಿ. ಕಬ್ಬು ಕಡಿಯಾಕ ಬರೋ ಗ್ಯಾಂಗಿನವರ ಕೊಪ್ಪಿ ನೋಡಿದಂಗ ಆತು ನನಗ. ಪಿಕ್ನಿಕ್ ಸಾಮಾನು ಅಂದೋರಿಗೆ ಈ ಫೋಟೋ ತೋರಿಸಬೇಕು.

ಅದೇ ಕಾಲದಾಗ ಟಿಯರ್‌ಡ್ರಾಪ್ ಅನ್ನೋ ಸಣ್ಣ ಟ್ರೇಲರ್ ಬಂತು, ಕಣ್ಣೀರ ಹನಿ ಆಕಾರ. ಮುಂದ ಉರುಟು, ಹಿಂದ ಇಳಿಜಾರು. ಪ್ಲೈವುಡ್ ಹಲಗಿ 4 ಅಡಿ ಅಗಲ, 8 ಅಡಿ ಉದ್ದ ಬರತೈತಲ್ಲ, ಟ್ರೇಲರಿನ ಅಳತಿನೂ ಅದೇ. ಹಲಗಿ ಹಾಳಾಗಬಾರದು ಅಂತ. ಕೈಕೆಲಸದ ಪತ್ರಿಕಿಗಳು ಇದರ ನಕ್ಷೆ ಛಾಪಿಸಿದ್ವು, ಸಾವಿರಾರು ಮಂದಿ ತಮ್ಮ ಮನ್ಯಾಗೇ ಕಟ್ಟಿಕೊಂಡ್ರು.

ಇನ್ನ ನಮ್ಮ ಟ್ರೇಲರಿನ ಅಜ್ಜನ ಕತಿ. ಇದು ಸ್ವಲ್ಪ ಹೊಟ್ಟೆ ಉರಿಯೋ ಕತಿ. 1940ರಲ್ಲಿ ಅಮೇರಿಕದ ಸೇನೆಗೆ ಸಣ್ಣ, ಹಗುರ, ನಾಲ್ಕೂ ಗಾಲಿಗೆ ಎಳೆಯೋ ಶಕ್ತಿ ಇರೋ ಗಾಡಿ ಬೇಕಾತು. 135 ಕಂಪನಿಗಳಿಗೆ ಕೇಳಿದ್ರು, ಮೊದಲ ಗಾಡಿ 49 ದಿನದಾಗ ಮಾಡಿ ಕೊಡಬೇಕು ಅಂತ ಷರತ್ತು. ಒಪ್ಪಿ ಹೇಳಿದ ದಿನಕ್ಕ ತಂದು ನಿಲ್ಲಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನೋ ಬಡ ಕಂಪನಿ, ಆಗಲೇ ಮುಳುಗೋ ಹಂತದಾಗ ಇತ್ತು. ಕಾರ್ಲ್ ಪ್ರೋಬ್ಸ್ಟ್ ಅನ್ನೋ ಎಂಜಿನಿಯರ್ ಎರಡೇ ದಿನದಾಗ ನಕ್ಷೆ ಬರೆದ. ಸೆಪ್ಟೆಂಬರ್ 23ಕ್ಕ ಗಾಡಿ ಸೇನೆಗೆ ಮುಟ್ಟಿಸಿದ್ರು. ಅದೇ ಜೀಪಿನ ಮೂಲ. ಆದ್ರ ಬ್ಯಾಂಟಮ್ ಸಣ್ಣ ಕಂಪನಿ, ಯುದ್ಧಕ್ಕ ಬೇಕಾದಷ್ಟು ಮಾಡಾಕ ಆಗೂದಿಲ್ಲ ಅಂತ ನಕ್ಷೆಯನ್ನ ವಿಲ್ಲೀಸ್‌ಗೆ, ಫೋರ್ಡ್‌ಗೆ ಕೊಟ್ಟು, ಲಕ್ಷಗಟ್ಟಲೆ ಜೀಪಿನ ಆರ್ಡರ್ ಅವರಿಗೆ ಹೋತು. ಬ್ಯಾಂಟಮ್ ಮಾಡಿದ್ದು ಎರಡೂವರೆ ಸಾವಿರದ ಮ್ಯಾಲೆ ಸ್ವಲ್ಪ ಅಷ್ಟ. ಬೀಜ ಬಿತ್ತಿದವನೊಬ್ಬ, ರಾಶಿ ಮಾಡಿದವನೊಬ್ಬ.

ಆ ಬ್ಯಾಂಟಮ್‌ಗೆ ಸಮಾಧಾನಕ್ಕ ಸಿಕ್ಕದ್ದು ಟ್ರೇಲರ್ ಕೆಲಸ. ಜೀಪಿನ ಹಿಂದ ಎಳೆಯೋ ಕಾಲು ಟನ್ನಿನ ಟ್ರೇಲರ್, ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಾಡಿದ್ರು. ಅದರಾಗಿನ ಬುದ್ಧಿ ನೋಡ್ರಿ. ಗಾಲಿ, ಟೈರು ಜೀಪಿನವೇ, ಎರಡು ಗಾಲಿ ನಡುವಿನ ಅಂತರನೂ ಅಷ್ಟೇ. ಅಂದ್ರ ಜೀಪು ಕೆಸರಿನಾಗ ಮಾಡಿದ ಜಾಡಿನಾಗೇ ಟ್ರೇಲರ್ ಬರತೈತಿ, ಹೊಸ ಜಾಡು ತುಳಿಯೂದಿಲ್ಲ, ಎಳೆಯೋ ಭಾರ ಕಡಿಮಿ. ಟೈರು ಒಡೆದ್ರ ಜೀಪಿನ ಸ್ಟೆಪ್ನಿ ಇದಕ್ಕೂ ಆಗತೈತಿ. ತೊಟ್ಟಿ ನೀರು ಹೋಗದಂಗ ಬೆಸುಗೆ ಹಾಕಿದ್ದು, ಹಳ್ಳ ದಾಟಬೇಕಾದ್ರ ದೋಣಿ ಹಂಗ ತೇಲತಿತ್ತು. ಒಳಗ ಮಳಿನೀರು ನಿಂತ್ರ ಹೊರಗ ಹೋಗಾಕ ತಳದಾಗ ಎರಡು ಬಿರಡಿ. ಕೆಟ್ಟ ದಾರಿಯಾಗ 500 ಪೌಂಡ್, ಅಂದ್ರ ನಮ್ಮ ಲೆಕ್ಕದಾಗ ಸುಮಾರು 227 ಕಿಲೋ ಹೇರಬಹುದು.

ಯುದ್ಧ ಮುಗಿದ ಮ್ಯಾಲೆ ಜೀಪು, ಟ್ರೇಲರ್ ಎಲ್ಲಾ ಹರಾಜಿಗೆ ಬಂದ್ವು. ರೈತರು ತಗೊಂಡ್ರು, ಬ್ಯಾಟಿ ಆಡೋರು ತಗೊಂಡ್ರು. ಮುಂದ ಸೇನೆ ಎಂ-416 ಅಂತ ಹೊಸ ಮಾದರಿ ಮಾಡಿತು, ಅದೂ ಕಾಲು ಟನ್ನಿಂದೇ, ಹಳೇದಾದ ಮ್ಯಾಲೆ ಅದೂ ಮಂದಿ ಕೈಗೆ ಬಂತು. ಕಾಡು ಗುಡ್ಡಕ್ಕ ಒಯ್ಯೋ ಮನಿಯಾಗ ಮಾಡಿದ ಕ್ಯಾಂಪರ್ ಅಂದ್ರ ಇಂದಿಗೂ ಅಲ್ಲಿ ಬಾಳಷ್ಟು ಮಂದಿ ಈ ತೊಟ್ಟಿ ಹುಡುಕತಾರ, ಇಲ್ಲಾ ಇದರ ಅಳತಿಗೆ ಹೊಸಾದು ಬೆಸುಗಿ ಹಾಕತಾರ. ನಮ್ಮ ದೇಶಕ್ಕೂ ಇದೇ ದಾರ್‍ಯಾಗ ಬಂತು. 1947ರ ಹೊತ್ತಿಗೆ ಮಹೀಂದ್ರದವರು ಮುಂಬೈದಾಗ ವಿಲ್ಲೀಸ್ ಜೀಪು ಜೋಡಿಸಾಕ ಹಿಡಿದ್ರು, ಜೀಪಿನ ಹಿಂದ ಟ್ರೇಲರೂ ಬಂತು. ನಾನು ಸಾಲಿಗೆ ಹೋಗೋ ಕಾಲಕ್ಕ ಸರ್ಕಾರಿ ಜೀಪಿನ ಹಿಂದ ಅದು ಕುಣಕೋತ ಹೋಗೋದು ನೋಡಿದ್ದು ನೆನಪೈತಿ. ನನಗ ಸಿಕ್ಕದ್ದು ಗುಜರಿಯಾಗ. ತೊಟ್ಟಿ ಒಳಗ 6 ಅಡಿ ಉದ್ದ, 4 ಅಡಿಗೆ ಸ್ವಲ್ಪ ಕಡಿಮಿ ಅಗಲ. ತಳ ಒಂದು ಕಡೆ ತುಕ್ಕು ತಿಂದಿತ್ತು, ಪಾಟಾ ಚಲೋ ಇದ್ವು.

ತೊಟ್ಟಿ ಆತು, ಮಾಡು ಹೆಂಗ? ಇಲ್ಲೇ ನಾನು ತಪ್ಪಿದ್ದು. ಮೊದಲನೇ ಸಲ ಕಬ್ಬಿಣದ ಆಂಗಲ್ ಮ್ಯಾಲೆ ಪ್ಲೈವುಡ್ ಬಡಿದು ಪೇಂಟ್ ಹೊಡೆದೆ. ಚಪ್ಪಟೆ ಮಾಡು. ಒಂದು ಮಳಿಗಾಲ ತಡೀಲಿಲ್ಲ. ಮೂಲಿ ಕೂಡಿದಲ್ಲಿ ನೀರು ಇಳೀತು, ಹಲಗಿ ಹೊಟ್ಟಿ ಉಬ್ಬಿತು, ಮ್ಯಾಲೆ ತಾಡಪತ್ರಿ ಕಟ್ಟಬೇಕಾತು. ಭಾರನೂ ಬಾಳ, ಅದೂ ಎಲ್ಲಾ ಮ್ಯಾಲೇ. ಬದು ದಾಟಿಸಬೇಕಾದ್ರ ಕುಡುಕ ತೂರಾಡಿದಂಗ ತೂರಾಡತಿತ್ತು. ಎರಡು ಗಾಲಿ ಗಾಡಿ ಅಂದ್ರ ಎತ್ತಿನ ಬಂಡಿ ನ್ಯಾಯನೇ. ಮುಂಭಾರ ಆದ್ರ ಎತ್ತಿನ ಹೆಗಲು ಮುರೀತೈತಿ, ಹಿಂಭಾರ ಆದ್ರ ನೊಗ ಮ್ಯಾಲೆದ್ದು ಕುತ್ತಿಗಿ ಬಿಗೀತೈತಿ. ಟ್ರೇಲರಿಗೂ ಸ್ವಲ್ಪ ಮುಂಭಾರ ಇರಬೇಕು, ಒಟ್ಟು ತೂಕದಾಗ ಹತ್ತನೇ ಒಂದು ಪಾಲು ಹುಕ್ಕಿನ ಮ್ಯಾಲೆ ಇದ್ರ ಸರಿ ಅಂತ ತಿಳಿದೋರ ಲೆಕ್ಕ. ಹಿಂಭಾರ ಆದ್ರ ರಸ್ತೆ ಮ್ಯಾಲೆ ಹಾವಿನಂಗ ಆಡಾಕ ಹತ್ತತೈತಿ.

ಈ ಎರಡು ಕಾಟ, ಭಾರ ಮತ್ತು ನೀರು, ಅಮೇರಿಕದವರನ್ನೂ ಬಿಟ್ಟಿರಲಿಲ್ಲ. ಬಟ್ಟಿ ಮಾಡು ಹಗುರ, ಆದ್ರ ಸೋರತೈತಿ. ಹಲಗಿ ಮಾಡು ಕೊಳೀತೈತಿ. ಅಲ್ಯೂಮಿನಿಯಂ ಚಲೋ, ಆದ್ರ ರಿವೆಟ್ ಹೊಡೆದ ಒಂದೊಂದು ಸಂದಿನೂ ನೀರಿಗೆ ಬಾಗಿಲು. ಸಂದಿನೇ ಇಲ್ಲದ ಮಾಡು ಬೇಕಾಗಿತ್ತು. ಅದು ಬಂದದ್ದು ಗಾಜಿನಿಂದ.

1932ರಲ್ಲಿ ಒಂದು ಗಾಜಿನ ಕಂಪನಿಯಾಗ ಡೇಲ್ ಕ್ಲೈಸ್ಟ್ ಅನ್ನೋ ಹುಡುಗ ಗಾಜಿನ ಇಟ್ಟಂಗಿ ಒಂದಕ್ಕೊಂದು ಅಂಟಿಸಾಕ ನೋಡತಿದ್ದ. ಕರಗಿದ ಗಾಜಿಗೆ ಒತ್ತಡದ ಗಾಳಿ ತಾಗಿ, ಗಾಜು ಹತ್ತಿ ಹಿಂಜಿದಂಗ ಎಳಿ ಎಳಿ ಆಗಿ ಹಾರಿತು. ಬೇಕು ಅಂತ ಮಾಡಿದ್ದಲ್ಲ. ಅವನ ಮ್ಯಾಲಿನ ಗೇಮ್ಸ್ ಸ್ಲೇಟರ್ ಅದನ್ನ ದಂಧೆಗೆ ತಂದ. ಮೊದಲು ಬಿಸಿ, ಚಳಿ ತಡೆಯಾಕ ಗ್ವಾಡಿ ಒಳಗ ತುಂಬತಿದ್ರು. ಆಮ್ಯಾಲೆ ಪಾಲಿಯೆಸ್ಟರ್ ರೆಸಿನ್ ಅನ್ನೋ ಅಂಟು ಬಂತು, ಅದರಾಗ ಈ ಗಾಜಿನೆಳಿ ತೋಯಿಸಿದ್ರ ಒಣಗಿ ಕಲ್ಲಿನಂಗ ಆತು. ನಾವು ಮಣ್ಣಿನಾಗ ಹುಲ್ಲು ಕಲಸಿ ಗ್ವಾಡಿ ಮೆತ್ತತೀವಲ್ಲ, ತತ್ವ ಅದೇ. ಮಣ್ಣೊಂದೇ ಬಿರೀತೈತಿ, ಹುಲ್ಲು ಹಿಡದು ನಿಲ್ಲಿಸತೈತಿ. ಯುದ್ಧದ ಕಾಲಕ್ಕ ವಿಮಾನದ ರೇಡಾರ್ ಮುಚ್ಚಳ ಇದರಿಂದ ಮಾಡಿದ್ರು. 1942ರಲ್ಲಿ ರೇ ಗ್ರೀನ್ ಅನ್ನೋನು ಓಹಾಯೊದಾಗ ದೋಣಿ ಮಾಡಿದ, 1953ಕ್ಕ ಕಾರ್ವೆಟ್ ಕಾರಿನ ಮೈ ಪೂರ್ತಿ ಇದರಿಂದ ಬಂತು.

ಟ್ರೇಲರಿಗೆ ಬಂದ ದಾರಿ ಮಾತ್ರ ನಗು ತರಿಸತೈತಿ. ಕೆನಡಾದ ವಿನಿಪೆಗ್ ಊರಿನ ರೇ ಒಲೆಕೊ ಅನ್ನೋನು ಫೈಬರಿನಿಂದ ಪಾಯಖಾನಿ ಗುಂಡಿಯ ಟ್ಯಾಂಕ್ ಮಾಡಿದ್ದ. ಹಗುರ, ಸೋರೂದಿಲ್ಲ. ನೀರು ಹೊರಗ ಹೋಗದಂಗ ತಡೆಯೋ ಟ್ಯಾಂಕು ನೀರು ಒಳಗ ಬರದಂಗೂ ತಡೀತೈತಲ್ಲ ಅಂತ ಹೊಳೀತೇನೋ! 1968ರಲ್ಲಿ ಸ್ಯಾಂಡರ್ ದುಸ್ಸಾ ಅನ್ನೋ ಜೊತೆಗಾರನ ಕೂಡ 13 ಅಡಿ ಟ್ರೇಲರ್ ಮಾಡಿದ. ಅಚ್ಚಿನಾಗ ಕೆಳಗಿನ ಅರ್ಧ ಒಂದು, ಮ್ಯಾಲಿನ ಅರ್ಧ ಒಂದು, ಎರಡೂ ನಡುವಿನಾಗ ಕೂಡಿಸಿಬಿಟ್ರ ಮುಗೀತು. ಇದ್ದದ್ದು ಅದೊಂದೇ ದೊಡ್ಡ ಸಂದಿ. ತೂಕ 450 ಕಿಲೋ ಸುಮಾರು, ಸಣ್ಣ ಕಾರೂ ಎಳೀತಿತ್ತು. ಬೌಲರ್ ಟೊಪ್ಪಿಗಿ ಹಂಗ ಕಂಡದ್ದಕ್ಕ ಬೋಲರ್ ಅಂತ ಹೆಸರಿಟ್ರು. ಸುಮಾರು ಹತ್ತು ಸಾವಿರ ಮಾಡಿದ್ರು, ಐವತ್ತು ವರ್ಷದ ಬೋಲರ್ ಇನ್ನೂ ಓಡಾಡತಾವ. ಅದೇ ವಯಸ್ಸಿನ ಕಟಗಿ ಟ್ರೇಲರ್ ಬಾಳಷ್ಟು ಮಣ್ಣಾಗಿ ಹೋದ್ವು.

ನಮಗೂ ಫೈಬರ್ ಹೊಸದಲ್ರಿ. ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ತೂತು ಬಿದ್ದ ಮ್ಯಾಲೆ ಫೈಬರ್ ಡ್ರಮ್ ಹಾಕಿದೋರು ನಮ್ಮಾಗೇ ಅದೀರಿ. ಕರಾವಳಿಯಾಗ ಕಟಗಿ ದೋಣಿ ಹೋಗಿ ಫೈಬರ್ ದೋಣಿ ಬಂದು ಎಷ್ಟೋ ಕಾಲ ಆತು. ಆ ಡ್ರಮ್ಮನ್ನ ಬೋರಲು ಹಾಕಿ ಅದರ ಕೆಳಗ ಮಲಗೋದು ಮಾತ್ರ ನಮಗ ಹೊಳೆದಿರಲಿಲ್ಲ.

ನನ್ನ ಅಕ್ಕನ ಮಗ ವೆಲ್ಡಿಂಗ್ ಮಾಡತಾನ, ಅವನೂ ನಾನೂ ಸೇರಿ ಮಾಡಿದ್ದು ಹಿಂಗ. ಕೊಲ್ಲಾರಿ ಬಂಡಿ ಕಮಾನಿನಂಗ ಬಿದಿರು ಬಗ್ಗಿಸಿ, ಮ್ಯಾಲೆ ತೆಳು ಹಲಗಿ, ಅದರ ಮ್ಯಾಲೆ ಪುಟ್ಟಿ ಮೆತ್ತಿ ನುಣುಪು ಮಾಡಿ ಅಚ್ಚು ಮಾಡಿದ್ವಿ. ಅಂಟಬಾರದು ಅಂತ ಮೇಣ ತಿಕ್ಕಿ, ಮ್ಯಾಲೆ ಗಾಜಿನ ಮ್ಯಾಟ್ ಮೂರು ಪದರ, ಒಂದೊಂದು ಪದರಕ್ಕೂ ರೆಸಿನ್ ಬ್ರಶ್‌ನಿಂದ ಕುಡಿಸಿ, ರೋಲರ್ ಉರುಳಿಸಿ ಗಾಳಿಗುಳ್ಳಿ ಹೊರಗ ಹಾಕಿದ್ವಿ. ಗುಳ್ಳಿ ಉಳಿದಲ್ಲಿ ಮುಂದ ಬಿರುಕು ಬಿಡೋದು. ಮಾಡು ಬಾಗಿರಬೇಕು, ಚಪ್ಪಟೆ ಫೈಬರ್ ಹಪ್ಪಳದಂಗ ಬಳುಕತೈತಿ, ಗಡಿಗಿ ಹಂಗ ಬಾಗಿದ್ರ ತೆಳ್ಳಗಿದ್ರೂ ಗಟ್ಟಿ.

ಮಾಡೋರು ಒಂದು ಮಾತು ಗಟ್ಟಿ ನೆನಪಿಡ್ರಿ. ರೆಸಿನ್ ಗಟ್ಟಿ ಆಗಾಕ ಎರಡು ಔಷಧಿ ಬೀಳತಾವ, ಕೋಬಾಲ್ಟ್ ಒಂದು, ಹಾರ್ಡನರ್ ಒಂದು. ಇವೆರಡನ್ನ ನೇರ ಒಂದಕ್ಕೊಂದು ಕಲಸಬ್ಯಾಡ್ರಿ, ಬೆಂಕಿ ಹತ್ತಿ ಸಿಡೀತೈತಿ. ಮೊದಲು ಕೋಬಾಲ್ಟ್ ರೆಸಿನ್ನಿನಾಗ ಪೂರ್ತಿ ಕಲಸಿ, ಆಮ್ಯಾಲೆ ಹಚ್ಚೋ ಹೊತ್ತಿಗೆ ಹಾರ್ಡನರ್. ನಾವು ಏಪ್ರಿಲ್ ಬಿಸಿಲಿನಾಗ ಹಾರ್ಡನರ್ ಹೆಚ್ಚು ಹಾಕಿ, ಅರ್ಧ ಬಕೆಟ್ ರೆಸಿನ್ ಕೈಯಾಗ ಇದ್ದಂಗೇ ಹೊಗಿ ಎದ್ದು ಕಲ್ಲಾತು. ರೊಕ್ಕ ಹೋತು, ಅಳಿಯನ ಅಂಗೈ ಸುಟ್ಟಿತು. ಅವತ್ತಿಂದ ಬೆಳಿಗ್ಗೆ ಎಂಟರ ಒಳಗ, ಒಂದೊಂದೇ ಕಿಲೋ ಕಲಸಿ ಮಾಡಿದ್ವಿ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್, ತುಂಬು ತೋಳಿನ ಅಂಗಿ ಬೇಕೇ ಬೇಕು, ಗಾಜಿನ ಪುಡಿ ಮೈಗೆ ಬಡಿದ್ರ ಎರಡು ದಿನ ತುರಿಕಿ.

ಮುಚ್ಚಳವನ್ನ ಇಬ್ಬರು ಸರಳ ಎತ್ತತೀವಿ. ತೊಟ್ಟಿ ಅಂಚಿಗೆ ಮುಚ್ಚಳದ ಅಂಚು ಹೊರಗ ಇಳಿದಿರೋ ಹಂಗ, ಡಬ್ಬಿ ಮುಚ್ಚಳದಂಗ ಕೂರಿಸೀವಿ. ಎರಡೂ ಬಾಜೂ ಕಿಟಕಿಗೆ ಸೊಳ್ಳಿ ಜಾಳಿಗಿ. ಟ್ರ್ಯಾಕ್ಟರಿಗೆ ಸಿಗಿಸಿ ಹೊಲದ ದಾರಿಯಾಗ ಅಷ್ಟ ಒಯ್ಯತೀವಿ, ಡಾಂಬರ್ ರಸ್ತೆಗೆ ಒಯ್ಯಬೇಕಾದ್ರ ಟ್ರೇಲರಿಗೆ ಬ್ಯಾರೆ ರಿಜಿಸ್ಟ್ರೇಶನ್ ಬೇಕು, ಅದು ಗೊತ್ತಿರಲಿ. ಈ ಸಲದ ಮಳಿಗೆ ಮ್ಯಾಲಿಂದ ಒಂದು ಹನಿ ಬಂದಿಲ್ಲ. ಕೆಳಗಿನ ಬಿರಡಿ ಎರಡರಾಗ ಒಂದು ಕಳೆದುಹೋಗಿತ್ತು, ಆ ತೂತಿನಿಂದ ಇರಿವಿ ಬಂದ್ವು. ಇರಿವಿ ಬರೋ ತೂತು ಹಾವಿನ ಮರಿಗೂ ದಾರಿ ಅಂತ ತಮ್ಮನೇ ಬೇವಿನ ಕಟಗಿ ಕೆತ್ತಿ ಬಡಿದ. ಈಗ ವಾರದಾಗ ಮೂರು ರಾತ್ರಿ ಅವನ ಪಾಳಿ. ಮೊದಮೊದಲು ನಿದ್ದಿ ಹತ್ತತಿರಲಿಲ್ಲ ಅವಗ, ಟಾರ್ಚ್ ಹಚ್ಚಿಕೊಂಡೇ ಕೂಡತಿದ್ದ. ಮೊನ್ನೆ ನಾನು ಬೆಳಿಗ್ಗೆ ಚಾ ಒಯ್ದಾಗ ಗೊರಕಿ ಹೊಡೀತಿದ್ದ, ಎಬ್ಬಿಸಲಿಲ್ಲ.

ಯಾರ ಹಿತ್ತಲದಾಗರ, ತಿಪ್ಪಿ ಬಾಜೂಕರ ಹಳೇ ಜೀಪ್ ಟ್ರೇಲರ್ ಬಿದ್ದಿದ್ರ ಗುಜರಿಗೆ ಹಾಕಬ್ಯಾಡ್ರಿ, ನನಗ ಒಂದು ಮಾತು ಹೇಳ್ರಿ. ಅಚ್ಚು ಇನ್ನೂ ನಮ್ಮ ದನದ ಕೊಟಗ್ಯಾಗ ಐತಿ, ಅದರಿಂದ ಇನ್ನೂ ಮೂರ್ನಾಲ್ಕು ಮುಚ್ಚಳ ತೆಗೀಬಹುದು. ಮ್ಯಾಟು, ರೆಸಿನ್ ನೀವು ತಂದ್ರ ಅಚ್ಚು ಕೊಡತೀನಿ. ಆದ್ರ ಬಿಸಿಲು ಏರೋದ್ರೊಳಗ ಬರ್ರಿ.